ಕಾಯಲಾರದ ಲಿಂಬೆ

ಕಳೆದ ಬೇಸಿಗೆಯಲ್ಲಿ ತಂಗಿಯ ಕುಬಸದ (ಬಸುರಿಗೆ ಮಾಡುವ ಸೀಮಂತದ) ಕಾರ್ಯವನ್ನು ಬಸವ ಜಯಂತಿಯ ದಿನವೇ ಇಟ್ಟುಕೊಂಡಿದ್ದೆವು. ಅಂದೇ ಅಕ್ಷಯ ತೃತೀಯೆಯೂ ಆದುದರಿಂದ ಮುಹೂರ್ತ ಹುಡುಕುವ ತೊಂದರೆ ಇರಲಿಲ್ಲ. ಆದರೆ ಹಾಗೆ ಯೋಚಿಸಿದವರು ನಾವಷ್ಟೇ ಅಲ್ಲ, ವಿಜಯಪುರದ ಅರ್ಧ ಊರೇ ಅದೇ ದಿನಕ್ಕಾಗಿ ಅದೇ ಸಾಮಾನು ಕೊಳ್ಳಲು ಬಜಾರಿಗೆ ಇಳಿದಿದೆ ಎಂಬುದು ಮುನ್ನಾದಿನ ಚೀಲ ಹಿಡಿದು ಹೊರಟಾಗ ಕಂಡಿತು. ಅವ್ವ ಬರೆಸಿದ ಚೀಟಿಯಲ್ಲಿ ಲಿಂಬೆಹಣ್ಣು, ಉಳ್ಳಾಗಡ್ಡಿ, ತಲೆಗೆ ಕಟ್ಟುವ ಹೂವಿನ ದಂಡಿಗೆ ಮಲ್ಲಿಗೆ, ಉಡಿ ತುಂಬಲು ಉತ್ತತ್ತಿ ಮತ್ತು ಕೊಬ್ಬರಿ, ಪಾಯಸಕ್ಕೆ ಮಣೂಕ (ಒಣದ್ರಾಕ್ಷಿ), ರೊಟ್ಟಿಗೆ ಬಿಳಿಜೋಳ ಇದ್ದವು. ಇವುಗಳ ದರವನ್ನು ಬೆಳೆದವರ ಬಾಯಿಂದಲೂ ಮಾರುವವರ ಬಾಯಿಂದಲೂ ಕೇಳುತ್ತ ಹೋದಂತೆ, ಬೇಡಿಕೆ ಮತ್ತು ಪೂರೈಕೆ ಎಂದು ನಾವು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಮಾತಿನ ಒಳಗೆ ಇನ್ನೊಂದು ಪ್ರಶ್ನೆ ಇದೆ ಎಂದು ನನಗೆ ಮನದಟ್ಟಾಯಿತು. ಕೊಳ್ಳುವವರಲ್ಲಿ ಮತ್ತು ಮಾರುವವರಲ್ಲಿ ಯಾರಿಗೆ ಕಾಯಲು ಸಾಧ್ಯ, ಯಾರಿಗೆ ಸಾಧ್ಯವಿಲ್ಲ ಎಂಬುದೇ ಆ ಪ್ರಶ್ನೆ.

ಬೆಳಿಗ್ಗೆ ಮೊದಲು ಎಪಿಎಂಸಿಗೆ, ಅಂದರೆ ಕೃಷಿ ಮಾರುಕಟ್ಟೆಗೆ, ಹೋದೆ. ಇಂಡಿ ತಾಲ್ಲೂಕಿನ ಹಳ್ಳಿಯಿಂದ ನಮ್ಮ ಕಾಕಾ ಲಿಂಬೆಯ ಚೀಲಗಳನ್ನು ತರುವವರಿದ್ದರು. ಇಂಡಿ, ಸಿಂದಗಿ ಭಾಗದ ಲಿಂಬೆ ತೆಳುವಾದ ಸಿಪ್ಪೆಗೂ ತುಂಬು ರಸಕ್ಕೂ ಹೆಸರಾದದ್ದು. 2023ರಲ್ಲಿ ಇಂಡಿ ಲಿಂಬೆಗೆ, ಆ ನೆಲದ ವಿಶೇಷ ಬೆಳೆಯೆಂದು ಗುರುತಿಸುವ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆಯೂ ಸಿಕ್ಕಿತು. ಸವಾಲಿಗೆ, ಅಂದರೆ ಹರಾಜಿಗೆ, ಮೊದಲು ಚೀಲದ ಬಾಯಿ ಬಿಚ್ಚಿ ಹಣ್ಣನ್ನು ನೆಲಕ್ಕೆ ಸುರಿಯುತ್ತಾರೆ. ಕೊಳ್ಳುವವನು ಕುಕ್ಕರುಗಾಲಿನಲ್ಲಿ ಕೂತು ರಾಶಿಯ ಒಳಗೆ ಕೈ ಹಾಕಿ, ತಳದಿಂದ ಒಂದು ಹಣ್ಣು ಎತ್ತಿ, ಹೆಬ್ಬೆರಳಿನಿಂದ ಒತ್ತಿ, ಉಗುರಿನಿಂದ ಸಿಪ್ಪೆ ಗೀರಿ ಮೂಸಿ ನೋಡುತ್ತಾನೆ. ಮೇಲಿನ ಹಣ್ಣನ್ನು ಯಾರೂ ನಂಬುವುದಿಲ್ಲ. ಅಂದು ಬಂದಿದ್ದ ಗಾಡಿಗಳು ಕಡಿಮೆ, ರಾಶಿಗಳ ಸುತ್ತ ನಿಂತ ವ್ಯಾಪಾರಿಗಳು ಹೆಚ್ಚು. ಅವರಲ್ಲಿ ಕೆಲವರು ಹಣ್ಣನ್ನು ಊರಿನ ಬಜಾರಿಗೆ ಒಯ್ಯುವವರು, ಕೆಲವರು ಲಾರಿ ತುಂಬಿಸಿ ಉತ್ತರದ ರಾಜ್ಯಗಳಿಗೆ ಕಳಿಸುವವರು. ಹೀಗಾಗಿ ನಮ್ಮ ಓಣಿಯ ಲಿಂಬೆಯ ದರವನ್ನು ನಮ್ಮ ಬಿಸಿಲಷ್ಟೇ ಅಲ್ಲ, ನಾವು ಕಾಣದ ಊರುಗಳ ಬಿಸಿಲೂ ನಿರ್ಧರಿಸುತ್ತದೆ.

“ಮಳಿಗಾಲದಾಗ ಇದ ಹಣ್ಣು ತಂದ್ರ ಯಾರೂ ತಿರುಗಿ ನೋಡಲಿಲ್ಲವಾ. ಈಗ ನೋಡು, ಚೀಲ ಇಳಸೂದ್ರಾಗ ಬಂದು ನಿಂತಾರ” ಎಂದರು ಕಾಕಾ.

ಅವರ ಮಾತಿನ ಹಿಂದೆ ಗಿಡದ ಸ್ವಭಾವವಿದೆ. ಲಿಂಬೆಯ ಗಿಡ ವರ್ಷದಲ್ಲಿ ಮೂರು ಸಲ ಹೂ ಬಿಡುತ್ತದೆ, ಅವುಗಳನ್ನು ಬಹಾರ್ ಎನ್ನುತ್ತಾರೆ. ಜನವರಿ-ಫೆಬ್ರುವರಿಯ ಅಂಬೆ ಬಹಾರಿನ ಹೂವು ಮಳೆಗಾಲದಲ್ಲಿ ಹಣ್ಣಾಗುತ್ತದೆ. ಆಗ ಹಣ್ಣು ಹೇರಳ, ಬೇಕೆನ್ನುವವರು ಕಡಿಮೆ. ಸೆಪ್ಟೆಂಬರ್-ಅಕ್ಟೋಬರಿನ ಹಸ್ತ ಬಹಾರಿನ ಹೂವು ಬೇಸಿಗೆಯಲ್ಲಿ ಹಣ್ಣಾಗುತ್ತದೆ. ಆದರೆ ಗಿಡ ತಾನಾಗಿ ಆ ಕಾಲಕ್ಕೆ ಬಿಡುವ ಹೂವೇ ಕಡಿಮೆ, ಮೇಲಾಗಿ ಹಿಂಗಾರಿನ ಮಳೆ ಜೋರಾದರೆ ಅದೂ ಉದುರುತ್ತದೆ. ಎಲ್ಲರಿಗೂ ಲಿಂಬೆ ಬೇಕಾಗುವ ಕಾಲ ಮತ್ತು ಗಿಡ ಲಿಂಬೆ ಕೊಡುವ ಕಾಲ ಒಂದಕ್ಕೊಂದು ಹೊಂದದಿರುವುದೇ ಪ್ರತಿ ಬೇಸಿಗೆಯ ಏರುದರದ ಮೂಲ. ಯಾರೋ ಗೋದಾಮಿನಲ್ಲಿ ಬಚ್ಚಿಟ್ಟು ದರ ಏರಿಸುತ್ತಾರೆ ಎಂಬ ಮಾತು ಲಿಂಬೆಯ ಮಟ್ಟಿಗೆ ಅಷ್ಟಾಗಿ ನಿಲ್ಲುವುದಿಲ್ಲ, ಏಕೆಂದರೆ ಕಿತ್ತ ಹಣ್ಣು ಈ ಬಿಸಿಲಿನಲ್ಲಿ ಹೆಚ್ಚು ದಿನ ತಡೆಯುವುದಿಲ್ಲ.

ದರ ಏರಿತು ಎಂದರೆ ರೈತನ ಕೈ ತುಂಬಿತು ಎಂದು ಪಟ್ಟಣದಲ್ಲಿ ಕೂತ ನಾವು ಎಣಿಸುತ್ತೇವೆ. ಕಾಕಾನ ಲೆಕ್ಕ ಬೇರೆಯೇ ಇತ್ತು. ಬೇಸಿಗೆಯಲ್ಲಿ ಅವರಿಗೆ ಚೀಲಕ್ಕೆ ಒಳ್ಳೆಯ ದರ ಸಿಗುತ್ತದೆ, ಆದರೆ ತರುವ ಚೀಲಗಳು ಕೆಲವೇ. ಮಳೆಗಾಲದಲ್ಲಿ ಚೀಲಗಳು ಬಹಳ, ದರ ನೆಲ ಕಚ್ಚಿರುತ್ತದೆ. ಕೀಳುವ ಕೂಲಿ, ಗಾಡಿಯ ಬಾಡಿಗೆ, ಹಮಾಲಿ ಮಾತ್ರ ಎರಡೂ ಕಾಲದಲ್ಲಿ ಒಂದೇ. ಸಿಗುವ ದರ ಈ ಖರ್ಚಿಗಿಂತ ಕೆಳಗೆ ಇಳಿದ ದಿನ ಹಣ್ಣು ಗಿಡದ ಬುಡದಲ್ಲೇ ಕೊಳೆಯುತ್ತದೆ. ಅಂಥ ವಾರ ಅವರು ಮಾರುಕಟ್ಟೆಗೆ ಬರುವುದೇ ಇಲ್ಲ. ಪೂರೈಕೆ ಕಡಿಮೆಯಾಗುವುದೆಂದರೆ ಬೆಳೆ ಕೆಟ್ಟಿರಲೇಬೇಕೆಂದಿಲ್ಲ. ಬೆಳೆದದ್ದನ್ನು ಕೀಳುವುದೇ ನಷ್ಟವಾದಾಗಲೂ ಹೀಗಾಗುತ್ತದೆ. ಸವಾಲು ಮುಗಿದ ಮೇಲೆ ಕಾಕಾ ಕುಬಸಕ್ಕೆ ಬೇಕಾದಷ್ಟು ಹಣ್ಣನ್ನು ನನ್ನ ಚೀಲಕ್ಕೆ ಸುರಿದು, ರೊಕ್ಕದ ಮಾತೆತ್ತಿದರೆ ಸಿಟ್ಟಾದರು.

ಅಲ್ಲಿಂದ ಗಾಂಧಿ ಚೌಕಿಗೆ ಬಂದೆ. ಒದ್ದೆ ಗೋಣಿತಟ್ಟಿನ ಮೇಲೆ ಲಿಂಬೆ ಹರಡಿ ಕೂತಿದ್ದ ಹೆಂಗಸಿನ ಬಳಿ ದರ ಕೇಳಿದೆ. ಒಂದಕ್ಕೆ ಆರು ರೂಪಾಯಿ. ಮಳೆಗಾಲದಲ್ಲಿ ಹತ್ತು ರೂಪಾಯಿಗೆ ಹತ್ತು ಕೊಡುತ್ತಿದ್ದುದೂ ಇದೇ ಜಾಗದಲ್ಲಿಯೇ. ಮಾರ್ಕೆಟಿನ ದರಕ್ಕೂ ಇಲ್ಲಿಯದಕ್ಕೂ ಇರುವ ಅಂತರದ ಬಗ್ಗೆ ಕೇಳಿದಾಗ ಆಕೆ ಬೇಸರಪಡದೆ ಹೇಳಿದಳು: “ನೂರು ತಂದ್ರ ಸಂಜಿಮಟ ಹತ್ತು ಒಣಗತಾವ ಅಕ್ಕಾರ. ಅದರ ರೊಕ್ಕ ಉಳಿದ ಹಣ್ಣಿನ ಮ್ಯಾಲೇ ಬೀಳಬೇಕಲ್ಲ?” ಬೀದಿಯಲ್ಲಿ ಚೌಕಾಸಿ ಮಾಡುವಾಗ ಈ ಒಣಗುವ ಹತ್ತು ಹಣ್ಣಿನ ಲೆಕ್ಕ ನಮಗೆ ಹೊಳೆಯುವುದಿಲ್ಲ. ಅವಳಿಗೂ ಕಾಯಲು ಸಾಧ್ಯವಿಲ್ಲ. ನಾಳೆಗೆ ಉಳಿದದ್ದು ನಾಳೆಯ ದರಕ್ಕೆ ಹೋಗುವ ಹಣ್ಣಲ್ಲ.

ಆಕೆಯ ಪಕ್ಕದಲ್ಲೇ ಶರಬತ್ತಿನ ಗಾಡಿ. ಅವನು ಲಿಂಬೆಯನ್ನು ಎರಡಾಗಿ ಕೊಯ್ದು, ಅರ್ಧವನ್ನು ಕಟ್ಟಿಗೆಯ ಇಕ್ಕಳದಲ್ಲಿ ಇಟ್ಟು ಹಿಂಡಿ, ಸಿಪ್ಪೆಯನ್ನು ತಿರುವಿ ಇನ್ನೊಮ್ಮೆ ಹಿಂಡಿದ. ಉಳಿದ ಅರ್ಧವನ್ನು ಮುಂದಿನ ಗ್ಲಾಸಿಗೆಂದು ತಾಟಿನಲ್ಲಿ ಬೋರಲು ಇಟ್ಟ. ಹಣ್ಣು ಅಗ್ಗವಿದ್ದಾಗ ಗ್ಲಾಸಿಗೆ ಒಂದು ಇಡೀ ಲಿಂಬೆ ಹಾಕುತ್ತಿದ್ದವನೇ ಇವನು. ಗ್ಲಾಸಿನ ದರ ಏರಿಸಿದರೆ ಗಿರಾಕಿ ಎದುರಿನ ಕಬ್ಬಿನ ಹಾಲಿನ ಗಾಡಿಗೆ ಹೋಗುತ್ತಾನೆ ಎಂದು ಅವನಿಗೆ ಗೊತ್ತಿದೆ. ಆದ್ದರಿಂದ ದರವನ್ನು ಹಾಗೆಯೇ ಇಟ್ಟು ಹಣ್ಣನ್ನು ಅರ್ಧ ಮಾಡಿದ್ದಾನೆ. ಏರಿದ ದರ ಯಾವಾಗಲೂ ಹಲಗೆಯ ಮೇಲೆ ಬರೆದ ಅಂಕಿಯಾಗಿಯೇ ಕಾಣಿಸುವುದಿಲ್ಲ. ಮನೆಗಳಲ್ಲೂ ಇದೇ ನಡೆಯುತ್ತದೆ: ಬೇಸಿಗೆಯಲ್ಲಿ ಮಾವಿನಕಾಯಿ ಬರುವುದರಿಂದ ಚಿತ್ರಾನ್ನಕ್ಕೆ ಅದನ್ನೇ ತುರಿದು ಹಾಕುತ್ತಾರೆ, ಸಾರಿಗೆ ಹುಣಸೆಹಣ್ಣು ಸಾಕಾಗುತ್ತದೆ. ಬದಲಿ ಸಾಮಾನು ಹತ್ತಿರದಲ್ಲೇ ಇರುವುದರಿಂದ ಲಿಂಬೆಯ ದರ ಒಂದು ಮಟ್ಟ ದಾಟಿದಾಗ ಜನರು ಮೆಲ್ಲಗೆ ಹಿಂದೆ ಸರಿಯುತ್ತಾರೆ.

ಮಲ್ಲಿಗೆಗೆ ಬದಲಿ ಇಲ್ಲ. ಕುಬಸದ ಹೆಣ್ಣಿಗೆ ದಂಡಿ ಕಟ್ಟಲೇಬೇಕು, ಅದೂ ನಾಳೆಯೇ ಕಟ್ಟಬೇಕು, ಕಟ್ಟುವವಳಿಗೆ ರಾತ್ರಿಯೊಳಗೆ ಹೂವು ಮುಟ್ಟಬೇಕು. ಹೂವಿನವನು ನನ್ನ ಮುಖ ನೋಡಿಯೇ ಇದನ್ನೆಲ್ಲ ಓದಿಕೊಂಡಂತಿತ್ತು. ಹಿಂದಿನ ವಾರದ ದರಕ್ಕಿಂತ ಎರಡು ಪಟ್ಟು ಹೇಳಿದ, ನಾನು ಕೊಟ್ಟೆ. ನನ್ನ ಹಿಂದೆ ನಿಂತಿದ್ದವರೂ ಕೊಟ್ಟರು. ಇದನ್ನು ಸುಲಿಗೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಹಬ್ಬಕ್ಕೆಂದು ಮಲ್ಲಿಗೆಯ ಬಳ್ಳಿ ಒಂದು ಮೊಗ್ಗನ್ನೂ ಹೆಚ್ಚು ಬಿಡುವುದಿಲ್ಲ, ಕೊಳ್ಳುವವರು ಮಾತ್ರ ಒಂದೇ ದಿನ ಮುಗಿಬೀಳುತ್ತಾರೆ. ಇರುವಷ್ಟು ಹೂವು ಹೆಚ್ಚು ಕೊಡಲು ಸಿದ್ಧರಿರುವವರ ಕೈಗೆ ಹೋಗುತ್ತದೆ. ಇದರಲ್ಲಿ ನೋವಿನ ಸಂಗತಿಯೆಂದರೆ, ಹೆಚ್ಚು ಕೊಡಲು ಸಿದ್ಧರಿರುವವರೂ ಹೆಚ್ಚು ಅಗತ್ಯವಿರುವವರೂ ಒಬ್ಬರೇ ಆಗಿರುವುದಿಲ್ಲ. ನನ್ನ ಮುಂದೆಯೇ ಒಬ್ಬ ತಾಯಿ ಒಂದು ಮಾರು ಕೇಳಲು ಬಂದವಳು ದರ ಕೇಳಿ, ಒಂದು ಮೊಳ ಹೂವು ಕಟ್ಟಿಸಿಕೊಂಡು ಹೋದಳು. ಆ ಲೆಕ್ಕವನ್ನು ಮಾರುಕಟ್ಟೆ ಇಡುವುದಿಲ್ಲ, ಅದನ್ನು ನಾವೇ ಇಡಬೇಕು.

ಹಬ್ಬದ ಗದ್ದಲ ಜೋಳದ ಅಂಗಡಿಯನ್ನು ಮುಟ್ಟಿಯೇ ಇರಲಿಲ್ಲ. ಹಿಂದಿನ ತಿಂಗಳ ದರವೇ ಅಂದೂ ಇತ್ತು. ನಮ್ಮ ಕಡೆ ಹಿಂಗಾರಿ ಜೋಳದ ರಾಶಿ ಮುಗಿದೊಡನೆ ಎಷ್ಟೋ ಮನೆಗಳವರು ವರ್ಷದ ಕಾಳನ್ನು ಒಮ್ಮೆಲೇ ತುಂಬಿಕೊಂಡಿರುತ್ತಾರೆ, ಅಂಗಡಿಯಲ್ಲೂ ದಾಸ್ತಾನು ಇರುತ್ತದೆ, ಅವಸರ ಯಾರಿಗೂ ಇರುವುದಿಲ್ಲ. ಕಾಕಾನ ಹಳೆಯ ಮನೆಯಲ್ಲಿ ಹಗೇವು ಇತ್ತು: ನೆಲದಲ್ಲಿ ತೋಡಿದ ಆಳವಾದ ಕಣಜ, ಸುತ್ತ ಜೋಳದ ಕಣಿಕೆ ಮತ್ತು ಹುಲ್ಲು, ಮೇಲೆ ಮಣ್ಣು ಮೆತ್ತಿದ ಮುಚ್ಚಳ. ಅದರಲ್ಲಿ ಜೋಳ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಬಾಯಿ ತೆಗೆದ ಕೂಡಲೇ ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗುವವರೆಗೂ ಯಾರೂ ಇಳಿಯುತ್ತಿರಲಿಲ್ಲ. ಬರಗಾಲಗಳನ್ನು ಕಂಡ ಈ ನೆಲದ ರೈತ, ದರ ಬಿದ್ದಾಗ ಕಾಳನ್ನು ಭೂಮಿಯೊಳಗೆ ಇಟ್ಟು ಕಾಯುವ ವಿದ್ಯೆಯನ್ನು ಕಲಿತಿದ್ದ. ಈಗ ಕಾಳನ್ನು ಗೋದಾಮಿನಲ್ಲಿಟ್ಟು ಅದರ ಮೇಲೆ ಅಡಮಾನ ಸಾಲ ಪಡೆಯುವ ವ್ಯವಸ್ಥೆ ಇರುವುದೂ ಇದೇ ಕಾರಣಕ್ಕೆ. ದಿನದ ದರ ಅಲುಗದಿದ್ದರೂ ವರ್ಷಗಳ ದರ ಬೇರೆ ಮಾತು. ಕಾಲುವೆಯ ನೀರು ಬಂದ ಕಡೆ ಜೋಳದ ಹೊಲ ಕಬ್ಬಾಗಿದೆ, ಇನ್ನು ಕೆಲವೆಡೆ ತೊಗರಿಯಾಗಿದೆ. ಅತ್ತ ಸಕ್ಕರೆ ಕಾಯಿಲೆಯ ಭಯಕ್ಕೆ ಬೆಂಗಳೂರಿನವರೂ ಜೋಳದ ಕಟಕ್ ರೊಟ್ಟಿ ತರಿಸಿಕೊಳ್ಳುತ್ತಿದ್ದಾರೆ. ಒಂದು ಕಾಲದಲ್ಲಿ ಬಡವರ ಊಟವಾಗಿದ್ದ ಬಿಳಿಜೋಳ ಈಗ ಗೋಧಿಯನ್ನೂ ಮೀರಿದ ದರಕ್ಕೆ ಮಾರುವ ದಿನಗಳು ಬಂದಿವೆ.

ಮಣೂಕದ ವಿಷಯವನ್ನು ಬೇಗ ಹೇಳಿ ಮುಗಿಸಬಹುದು. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರು ಹಸಿ ಹಣ್ಣಿಗೆ ದರ ಬಾರದಿದ್ದರೆ ಅದನ್ನು ಶೆಡ್ಡಿನ ಬಲೆಗಳ ಮೇಲೆ ಹರಡಿ ಒಣಗಿಸುತ್ತಾರೆ, ಒಣಗಿದ್ದನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಹಬ್ಬಗಳವರೆಗೆ ಕಾಯುತ್ತಾರೆ. ಹಾಗೆ ಕಾಯುವುದಕ್ಕೂ ಬಾಡಿಗೆ ಇದೆ, ಬಡ್ಡಿ ಇದೆ. ಸಾಲ ಕೊಟ್ಟವನು ಬಾಗಿಲಲ್ಲಿ ನಿಂತರೆ ಮಣೂಕವೂ ಲಿಂಬೆಯಷ್ಟೇ ಅವಸರದ ಮಾಲಾಗಿಬಿಡುತ್ತದೆ.

ಉಳ್ಳಾಗಡ್ಡಿ ಕೊಳ್ಳುವಾಗ ಅಂಗಡಿಯಲ್ಲಿ ಕೊಲ್ಹಾರದ ಕಡೆಯ ರೈತರೊಬ್ಬರು ಕೂತಿದ್ದರು. ಅಂದು ದರ ಇಳಿದಿತ್ತು, ಹತ್ತು ಕಿಲೋ ಕೊಂಡೆ. ಅವರು ಮಾತ್ರ 2023ರ ಡಿಸೆಂಬರನ್ನು ಮರೆತಿರಲಿಲ್ಲ. ಆ ತಿಂಗಳ 8ರಂದು ಕೇಂದ್ರ ಸರಕಾರ ಉಳ್ಳಾಗಡ್ಡಿಯ ರಫ್ತನ್ನು ನಿಷೇಧಿಸಿತು. ಹೊರದೇಶಕ್ಕೆ ಹೋಗಬೇಕಾದ ಮಾಲೂ ಒಳಗೇ ಉಳಿದು ದರ ಬಿತ್ತು. ನಿಷೇಧ ತೆರವಾದದ್ದು 2024ರ ಮೇ 4ರಂದು. ಬೇಸಿಗೆಯಲ್ಲಿ ಕಿತ್ತ ಗಡ್ಡೆಯನ್ನು ಒಣಗಿಸಿ ಕೆಲವು ತಿಂಗಳು ಇಡಬಹುದು. ಮುಂಗಾರಿನ ಗಡ್ಡೆಯಲ್ಲಿ ನೀರಿನಂಶ ಹೆಚ್ಚು, ಅದು ಬೇಗ ಮೊಳೆಯುತ್ತದೆ, ಇಲ್ಲವೆ ಕೊಳೆಯುತ್ತದೆ. ನಮ್ಮ ಜಿಲ್ಲೆಯಲ್ಲಿ ಮುಂಗಾರಿನ ಬೆಳೆಯೇ ಹೆಚ್ಚಾದ್ದರಿಂದ, ಬಾಗಿಲು ತೆರೆಯುವ ಹೊತ್ತಿಗೆ ಇವರ ಬಳಿ ಮಾರಲು ಏನೂ ಉಳಿದಿರಲಿಲ್ಲ. ಒಂದೇ ಆದೇಶ ಕಾಯಬಲ್ಲವರಿಗೆ ಒಂದು ಬಗೆಯಾಗಿ, ಕಾಯಲಾರದವರಿಗೆ ಇನ್ನೊಂದು ಬಗೆಯಾಗಿ ತಟ್ಟಿತು. ಅಗ್ಗವಾದ ಉಳ್ಳಾಗಡ್ಡಿಯನ್ನು ಆ ಚಳಿಗಾಲದಲ್ಲಿ ನಾವೆಲ್ಲ ಸಂತೋಷದಿಂದಲೇ ಕೊಂಡಿದ್ದೆವು.

ಉಳ್ಳಾಗಡ್ಡಿಯ ದರ ಹೀಗೆ ಹುಚ್ಚುಕುದುರೆಯಂತೆ ಏರಿಳಿಯಲು ನಮ್ಮ ಅಡುಗೆಮನೆಯೂ ಕಾರಣ. ದರ ನಾಲ್ಕು ಪಟ್ಟಾದರೂ ಒಗ್ಗರಣೆಗೆ ಅದು ಬೇಕೇ ಬೇಕು, ಅರ್ಧಕ್ಕೆ ಇಳಿದರೂ ನಾವು ಎರಡು ಪಟ್ಟು ತಿನ್ನುವುದಿಲ್ಲ. ತಿನ್ನುವ ಅಳತೆ ಬದಲಾಗದ ಸಾಮಾನು ಬಜಾರಿಗೆ ಸ್ವಲ್ಪ ಕಡಿಮೆ ಬಂದರೂ ದರ ಬಹಳ ಏರುತ್ತದೆ, ಸ್ವಲ್ಪ ಹೆಚ್ಚು ಬಂದರೂ ಬಹಳ ಬೀಳುತ್ತದೆ.

ರಾತ್ರಿ ಕಾಕಾ ನಮ್ಮ ಮನೆಯಲ್ಲೇ ಉಳಿದರು. ಊಟಕ್ಕೆ ಕೂತಾಗ ಅವರ ಮಗ ಈ ವರ್ಷ ಇನ್ನೊಂದು ಎಕರೆಗೆ ಲಿಂಬೆಯ ಸಸಿ ಹಚ್ಚುವ ಮಾತೆತ್ತಿದ. ಬೆಳಗಿನ ಸವಾಲಿನ ದರ ಅವನ ಕಣ್ಣಲ್ಲಿತ್ತು. ಇಂದು ಹಚ್ಚಿದ ಸಸಿ ಚೆನ್ನಾಗಿ ಫಲ ಕೊಡಲು ನಾಲ್ಕೈದು ವರ್ಷ ಬೇಕು, ಇದೇ ದರ ನೋಡಿ ಊರವರೆಲ್ಲ ಹಚ್ಚಿದರೆ ಆಗ ಎಲ್ಲರ ಹಣ್ಣೂ ಒಟ್ಟಿಗೇ ಬರುತ್ತದೆ ಎಂದೆ. ಕಾಕಾ ಅವನನ್ನು ತಡೆಯಲಿಲ್ಲ, ಆದರೆ ಬೇರೊಂದು ದಾರಿ ತೋರಿಸಿದರು: ಹೊಸ ಗಿಡ ಬೇಡ, ಇರುವ ತೋಟದ ಅರ್ಧಕ್ಕೆ ಮಳೆಗಾಲದ ಕೊನೆಯಲ್ಲಿ ನೀರು ಬಿಡುವುದನ್ನು ನಿಲ್ಲಿಸಿ ಗಿಡವನ್ನು ಬಾಡಿಸಿ, ಆಮೇಲೆ ಗೊಬ್ಬರ, ನೀರು ಕೊಟ್ಟು ಹಸ್ತದ ಹೂವು ಎಬ್ಬಿಸೋಣ, ಹಣ್ಣು ಬೇಸಿಗೆಗೆ ಬರಲಿ.

“ಆವಾಗ ಮಳಿ ಬಿಡಲಿಲ್ಲಂದ್ರ?” ಎಂದ ಕಾಕಾನ ಮಗ.

“ಅದಕ್ಕಽ ಅರ್ಧ ತ್ವಾಟ ಅಂದೆ. ಉಳಿದರ್ಧ ಹೆಂಗ ಬರತೈತಿ ಹಂಗ ಬರಲಿ” ಎಂದು ಕಾಕಾ ರೊಟ್ಟಿ ಮುರಿದರು. ಬಾವಿಯಲ್ಲಿ ಬೇಸಿಗೆಯವರೆಗೆ ನೀರು ನಿಲ್ಲುತ್ತದೆಯೇ, ಎಷ್ಟು ಸಾಲು ಬಾಡಿಸಬೇಕು, ಗೊಬ್ಬರದ ರೊಕ್ಕ ಎಲ್ಲಿಂದ ಎಂಬ ಮಾತು ಅವರಿಬ್ಬರ ನಡುವೆ ಹೊತ್ತಾಗುವವರೆಗೂ ನಡೆಯಿತು. ಕೊನೆಗೆ ರಸ್ತೆಯ ಬದಿಯ ಐದು ಸಾಲುಗಳಿಂದ ಶುರು ಮಾಡುವುದೆಂದು ಗೊತ್ತುಮಾಡಿಕೊಂಡರು.