ಬೂಟಾನ್ ಕಟ್ಟಿದ ಪುಟ್ಟ ಎಂಜಿನ್

ಮೋಟಾರ್‌ಸೈಕಲ್ ಹುಟ್ಟಿದ್ದು ಯಾವಾಗ ಎಂದರೆ ಬಹಳಷ್ಟು ಮಂದಿ 1885 ಎನ್ನುತ್ತಾರೆ. ಜರ್ಮನಿಯ ಕಾನ್‌ಸ್ಟಾಟ್‌ನಲ್ಲಿ ಎಂಜಿನಿಯರುಗಳಾದ ಡೈಮ್ಲರ್ ಮತ್ತು ಮೇಬಾಖ್ ಮರದ ಚೌಕಟ್ಟಿಗೆ 264 ಸಿಸಿ ಎಂಜಿನ್ ಕೂರಿಸಿದ ವರ್ಷ ಅದು. ಆ ಗಾಡಿಯ ಬಗ್ಗೆ ನನಗೆ ಗೌರವವಿದೆ. ಆದರೆ ಬೈಕಿಗೆ ತಕ್ಕ ಎಂಜಿನ್ ಬಂದದ್ದು 1895ರಲ್ಲಿ, ಪ್ಯಾರಿಸ್ ಪಕ್ಕದ ಪ್ಯೂಟೋದಿಂದ, ಆಟಿಕೆ ಮಾಡುತ್ತಿದ್ದ ಜಾರ್ಜ್ ಬೂಟಾನ್‌ನ ಕೈಯಿಂದ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

1881ರಲ್ಲಿ ಫ್ರಾನ್ಸಿನ ಸಿರಿವಂತ ಕೌಂಟ್ ಡಿ ಡಿಯಾನ್ ಪ್ಯಾರಿಸ್ಸಿನ ಅಂಗಡಿಯೊಂದರಲ್ಲಿ ಆಟಿಕೆ ಉಗಿ ಎಂಜಿನ್ ಕಂಡು, ಅದನ್ನು ಮಾಡಿದವರನ್ನು ಹುಡುಕಿ ಹಿಡಿದ. ಬೂಟಾನ್ ಮತ್ತು ಅವನ ನೆಂಟ ತ್ರೆಪಾರ್ದೂ ಸಿಕ್ಕಿದರು. ಮೂವರೂ ಸೇರಿ ಒಂದು ಸಂಸ್ಥೆ ಕಟ್ಟಿದರು. ಮುಂದೆ ಪೆಟ್ರೋಲಿನ ಹಾದಿ ಹಿಡಿದಾಗ, ಉಗಿಯನ್ನೇ ನಂಬಿದ್ದ ತ್ರೆಪಾರ್ದೂ ಸಂಸ್ಥೆ ಬಿಟ್ಟ.

ಬೂಟಾನ್‌ನ ಸಿಲಿಂಡರಿನ ವ್ಯಾಸ 50 ಮಿಲಿಮೀಟರ್, ಪಿಸ್ಟನ್ ಓಟ 70. ಅಂದರೆ ಸುಮಾರು 137 ಸಿಸಿ, ಡೈಮ್ಲರ್ ಎಂಜಿನ್ನಿನ ಅರ್ಧದಷ್ಟು. ಶಕ್ತಿ ಮಾತ್ರ ಹೆಚ್ಚುಕಡಿಮೆ ಅಷ್ಟೇ, ಅರ್ಧ ಅಶ್ವಶಕ್ತಿ. ಡೈಮ್ಲರ್‌ನದು ನಿಮಿಷಕ್ಕೆ 600 ಸುತ್ತು ತಿರುಗಿದರೆ ಇದು 1500 ಸುತ್ತು ತಿರುಗುತ್ತಿತ್ತು!

ಗುಟ್ಟು ಇದ್ದದ್ದು ಕಿಡಿಯಲ್ಲಿ. ಡೈಮ್ಲರ್‌ನಂಥ ಎಂಜಿನ್ನುಗಳಲ್ಲಿ ಬರ್ನರ್ ಉರಿಯಲ್ಲಿ ಕೆಂಪಗೆ ಕಾಯಿಸಿದ ಕೊಳವೆ ಇಂಧನಕ್ಕೆ ಬೆಂಕಿ ಹಚ್ಚುತ್ತಿತ್ತು. ಯಾವ ಕ್ಷಣಕ್ಕೆ ಹಚ್ಚಬೇಕು ಎಂಬುದು ಸವಾರನ ಹಿಡಿತದಲ್ಲಿರಲಿಲ್ಲ. ಬೂಟಾನ್ ಬ್ಯಾಟರಿಯನ್ನೂ ಅದರ ವಿದ್ಯುತ್ತಿನ ಒತ್ತಡ ಏರಿಸುವ ತಂತಿಸುರುಳಿ ಕಾಯಿಲ್ಲನ್ನೂ ತಂದ. ಎಂಜಿನ್ನಿನೊಡನೆ ತಿರುಗುವ ಕ್ಯಾಮ್ ಎಂಬ ಬಿಲ್ಲೆಯಲ್ಲಿ ಒಂದು ಕಚ್ಚು. ಸ್ಪ್ರಿಂಗ್ ಪಟ್ಟಿಯ ತುದಿ ಅದರೊಳಗೆ ಬಿದ್ದು ನಡುಗಿ, ಪ್ಲಾಟಿನಂ ತುದಿಯ ಸ್ಕ್ರೂಗೆ ತಾಗಿ ಬಿಡುವಾಗ ಪ್ಲಗ್ಗಿನಲ್ಲಿ ಕಿಡಿ. ಒಂದು ಸನ್ನೆಕೋಲು ಜರುಗಿಸಿದರೆ ಕಿಡಿ ಬೇಗವೂ ಬರುತ್ತದೆ, ತಡವಾಗಿಯೂ ಬರುತ್ತದೆ. ಎಂಜಿನ್ನಿನ ವೇಗ ಸವಾರನ ಬೆರಳಿಗೆ ಬಂದದ್ದು ಹೀಗೆ.

ಮೈಸೂರಿನಲ್ಲಿ ತಯಾರಾದ ನನ್ನ ಎಜ್ಡಿ ಬೈಕಿನ ಡೈನಮೋ ಮುಚ್ಚಳ ಬಿಚ್ಚಿ, ತಾಗಿ ಬಿಡುವ ತುದಿಗಳಾದ ಪಾಯಿಂಟ್ ಉಜ್ಜಿ, ಸಂದು ಅಳೆಯುವ ತೆಳು ಪಟ್ಟಿ ಫೀಲರ್ ಗೇಜಿನಿಂದ 0.4 ಮಿಲಿಮೀಟರ್ ಸಂದು ಇಡುವಾಗ ನಾನು ಮುಟ್ಟುವುದು ಅದೇ ಆಲೋಚನೆಯನ್ನು. ಕಿಕ್ ಹೊಡೆದೊಡನೆ ಗಾಡಿ ಸದ್ದು ಮಾಡಿದರೆ ಬೂಟಾನ್ ಮೇಲೆ ಪ್ರೀತಿ ಉಕ್ಕುತ್ತದೆ.

ಅವನ ಎಂಜಿನ್ನಿನಲ್ಲಿ ಇಂಧನ ಮತ್ತು ಗಾಳಿಯನ್ನು ಒಳಬಿಡುವ ವಾಲ್ವ್‌ಗೆ ತಳ್ಳುವ ಕ್ಯಾಮ್ ಇರಲಿಲ್ಲ. ಪಿಸ್ಟನ್ ಕೆಳಗಿಳಿಯುವಾಗಿನ ಹೀರುವಿಕೆಗೇ ಅದು ತೆರೆಯುತ್ತಿತ್ತು. ವೇಗ ಏರಿದಂತೆ ತಡಬಡಾಯಿಸುವ ಈ ವಾಲ್ವ್ ಆ ಎಂಜಿನ್ನಿನ ಕೊರತೆ, ನಿಜ. ಆದರೂ ಊರೂರಿನ ತಯಾರಕರು ಅದನ್ನು ಕೊಂಡರು, ನಕಲು ಮಾಡಿದರು. 1903ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಶುರುವಾದ ಹಾರ್ಲೆ ಡೇವಿಡ್ಸನ್‌ನ ಮೊದಲ ಎಂಜಿನ್ನುಗಳಲ್ಲೂ ಇದ್ದದ್ದು ಹೀರುವಿಕೆಗೆ ತೆರೆಯುವ ಅದೇ ಬಗೆಯ ವಾಲ್ವ್.