ಯಾರು ಹಿಡಿಯೋದು?

"ಯಾರು ಹಿಡಿಯೋದು?" ಅಂತ ಕೇಳಿದರು ಆಚಾರ್ರು.

"ಯಾರಾದ್ರೂ ಹಿಡೀತಾರೆ. ದಪ್ಪ ಇರ್ಬೇಕು, ಗಟ್ಟಿ ಇರ್ಬೇಕು, ಅಷ್ಟೆ" ಅಂದ ನನ್ನ ಮೈದುನ.

ಆಚಾರ್ರು ಅವನ ಕಡೆ ತಿರುಗಲೂ ಇಲ್ಲ. ನನ್ನನ್ನೇ ನೋಡುತ್ತ ನಿಂತರು. "ನಾನೇ" ಅಂದೆ.

"ಯಾವ ಕೈ?"

ಮಂಗಳವಾರ ಹೊಸ ಕತ್ತಿ ಮಾಡಿಸಲು ಕಮ್ಮಾರ ಆಚಾರ್ರ ಹತ್ತಿರ ಹೋದಾಗ ನಡೆದದ್ದು ಇಷ್ಟೇ. ವಾರ ಮುಗಿಯುತ್ತ ಬಂತು, ಸೌದೆ ಒಟ್ಟುವಾಗ, ದನಕ್ಕೆ ಅಕ್ಕಚ್ಚು ಕೊಡುವಾಗ ಅದೇ ನಾಲ್ಕು ಮಾತು ಮತ್ತೆ ಮತ್ತೆ ಕಿವಿಯಲ್ಲಿ ಬರುತ್ತಿದೆ.

ಮಳೆ ಹಿಡಿಯುವ ಮೊದಲು ನಮ್ಮ ಕಡೆ ಕತ್ತಿಗೆ ಎಷ್ಟು ಕೆಲಸ ಅಂತ ಸಾಗರ, ಸೊರಬದ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇಲಿ ಕಟ್ಟಬೇಕು, ಬಿದಿರು ಸೀಳಬೇಕು, ಸೌದೆ ಕೊಟ್ಟಿಗೆ ತುಂಬಬೇಕು, ತೋಟದ ಅಂಚಿನ ಲಂಟಾನ ಸವರಬೇಕು. ಆಳುಗಳ ಕಥೆ ಬಿಡಿ. ಯಜಮಾನರು ಬೆಳಿಗ್ಗೆ ಸೊಸೈಟಿಗೆ ಹೋದರೆ ಬರುವುದು ಸಂಜೆಗೆ. ಹಾಗಾಗಿ ಕೆಲವು ವರ್ಷಗಳಿಂದ ಕತ್ತಿ ನನ್ನ ಕೈಯಲ್ಲೇ ಇದೆ. ಇದ್ದದ್ದು ಮಾವನವರ ಕತ್ತಿ. ಪ್ರತಿ ವರ್ಷ ತಟ್ಟಿಸಿ, ಸಾಣೆ ಹಿಡಿದು, ಮತ್ತೆ ತಟ್ಟಿಸಿ ಅದರ ಅಗಲ ಅರ್ಧಕ್ಕೆ ಇಳಿದಿದೆ. ಬಾಳೆ ಎಲೆ ಕೊಯ್ಯಲು, ಅಡಿಕೆ ಹಾಳೆ ಸವರಲು ಅಡ್ಡಿಯಿಲ್ಲ. ಬಲಿತ ಬಿದಿರಿಗೆ ಹಾಕಿದರೆ ಮಾತ್ರ ನಮ್ಮ ತೋಳೇ ಸೋಲುತ್ತದೆ.

ಹೊಸ ಕತ್ತಿಯ ಮಾತು ಎದ್ದದ್ದೇ ತಡ, ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತ ಇಲ್ಲಿ ಉಳಿದಿರುವ ಮೈದುನ ಎದ್ದು ಕೂತ. ಒಳ್ಳೆಯ ಹುಡುಗ, ಸುಳ್ಳು ಹೇಳಬಾರದು. ಆದರೆ ಒಂದು ವಸ್ತುವಿನ ಬಗ್ಗೆ ಓದಿ ಮುಗಿಸಿದರೆ ಅದರಿಂದ ಆಗಬೇಕಾದ ಕೆಲಸವೂ ಮುಗಿಯಿತು ಅಂತ ತಿಳಿಯುವ ಜಾತಿ. ವ್ಯಾಯಾಮದ ಸೈಕಲ್ಲಿಗೂ ಹಾಗೇ ಆಯಿತು, ಈಗ ಅದರ ಮೇಲೆ ಟವೆಲ್ ಒಣಗುತ್ತದೆ. ನನ್ನನ್ನು ಕೇಳದೆ ಆನ್‌ಲೈನಿನಲ್ಲಿ ಒಂದು ಚಾಕು ತರಿಸಿದ. ಮಡಚುವ ಚಾಕು ಅಲ್ಲ, ಹಿಡಿಯ ಕೊನೆಯವರೆಗೂ ಒಂದೇ ಉಕ್ಕಿನ ತುಂಡು. ಬೆನ್ನು 6 ಮಿಲಿಮೀಟರ್ ದಪ್ಪ, ಮೈಯೆಲ್ಲ ಕಪ್ಪು ಬಣ್ಣ. "ಡಿ2 ಸ್ಟೀಲ್ ಅತ್ತಿಗೆ! ಒಂದೂವರೆ ಪರ್ಸೆಂಟ್ ಕಾರ್ಬನ್, ಹನ್ನೆರಡು ಪರ್ಸೆಂಟ್ ಕ್ರೋಮಿಯಂ. ಇದನ್ನ ಮುರಿಯೋಕೆ ಆಗಲ್ಲ."

ಮುರಿಯಲಿಲ್ಲ, ನಿಜ. ಅಕೇಶಿಯಾದ ಒಣ ಕೊಂಬೆಯ ಗಂಟಿಗೆ ಅವನು ಬೀಸಿ ಹೊಡೆದು, ಸಿಕ್ಕಿಕೊಂಡದ್ದನ್ನು ಆಚೀಚೆ ಅಲ್ಲಾಡಿಸಿ ಕಿತ್ತಾಗ ಚಾಕುವಿನ ಹರಿತ ಬಾಯಿಯಲ್ಲಿ ಒಂದು ಚೂರು ಹಾರಿ ಹೋಯಿತು. ಕತ್ತರಿಸಿ ಎಸೆದ ಉಗುರಿನ ಆಕಾರದ್ದು, ಅಷ್ಟೇ ಸಣ್ಣದು. ಬಿಸಿಲಿಗೆ ಹಿಡಿದರೆ ಒಡೆದ ಜಾಗ ಸಕ್ಕರೆ ಬಣ್ಣಕ್ಕೆ ಮಿನುಗುತ್ತಿತ್ತು. ಅವನ ಮುಖ ನೋಡಿ ನಾನು ನಗಲಿಲ್ಲ.

ಅದನ್ನೂ ಗೋಣಿಯಲ್ಲಿ ಸುತ್ತಿಕೊಂಡೇ ಆಚಾರ್ರ ಕುಲುಮೆಗೆ ಹೋದದ್ದು. ಈಗ ತಿದಿ ಇಲ್ಲ, ಕರೆಂಟಿನ ಬ್ಲೋವರ್ ಇದೆ. ಆದರೂ ಒಳಗೆ ಒಂದು ಬಲ್ಬು ಹಾಕಲು ಅವರು ಒಪ್ಪುವುದಿಲ್ಲ. ಮೈದುನ ಕೇಳಿದ್ದಕ್ಕೆ, "ಬೆಳಕಿದ್ರೆ ಕಬ್ಬಿಣದ ಬಣ್ಣ ಸುಳ್ಳು ಹೇಳ್ತದೆ" ಅಂದರು. ಕಾದ ಉಕ್ಕು ಯಾವ ಕೆಂಪಿಗೆ ಬಂದಾಗ ನೀರಿಗೆ ಇಳಿಸಬೇಕು ಅನ್ನುವುದರ ಮೇಲೆ ಕತ್ತಿಯ ಹಣೆಬರಹ ನಿಂತಿದೆ. ಹೊರಗಿನ ಬೆಳಕಿನಲ್ಲಿ ಕಡುಗೆಂಪಿಗೂ ಕಿತ್ತಳೆಗೂ ವ್ಯತ್ಯಾಸ ತಿಳಿಯುವುದಿಲ್ಲವಂತೆ.

ಮೈದುನನ ಚಾಕುವನ್ನು ತಿರುಗಿಸಿ ನೋಡಿದರು. ಒಂದು ಹಳೆಯ ಅರ ತೆಗೆದು ಬಾಯಿಯ ಹತ್ತಿರ ಎಳೆದರು. ಅರ ಕಚ್ಚಲಿಲ್ಲ, ಸರ್ರನೆ ಜಾರಿತು. ಬೆನ್ನಿಗೆ ಎಳೆದರು. ಅಲ್ಲೂ ಜಾರಿತು. ಆಮೇಲೆ ತಮ್ಮದೇ ಒಂದು ಕತ್ತಿ ತೆಗೆದು ಅದೇ ಅರ ಹಾಕಿ ತೋರಿಸಿದರು. ಬಾಯಿಯ ಹತ್ತಿರ ಸ್ವಲ್ಪ ಜಾರಿತು, ಬೆನ್ನಿನಲ್ಲಿ ಗರ್‌ ಎಂದು ಕಚ್ಚಿ ಪುಡಿ ಉದುರಿತು. "ಇದ್ರಲ್ಲಿ ಬಾಯಿ ಗಟ್ಟಿ, ಬೆನ್ನು ಮೆತ್ತಗೆ. ನಿಮ್ದು ಮೈಯೆಲ್ಲ ಗಟ್ಟಿ. ಪೆಟ್ಟು ತಿನ್ನೋರು ಒಬ್ರಾದ್ರೂ ಬೇಕಲ್ಲ?"

ಈ ಒಂದು ಮಾತಿಗೆ ಮೈದುನನ ಮೊಬೈಲಿನಲ್ಲಿ ಅರ್ಧ ದಿನದ ಓದು ಇತ್ತು. ಉಕ್ಕು ಗಡುಸಾದಷ್ಟೂ ಅದರ ಬಾಯಿ ಮೊಂಡಾಗದೆ ನಿಲ್ಲುತ್ತದೆ, ಆದರೆ ಪೆಟ್ಟು ತಾಳುವ ಗುಣ ಇಳಿಯುತ್ತದೆ. ಡಿ2 ಹುಟ್ಟಿದ್ದು ತಗಡು ಕತ್ತರಿಸುವ ಅಚ್ಚುಗಳಿಗೆ. ಅಲ್ಲಿ ಬೇಕಾದದ್ದು ಸವೆಯದ ಗುಣ. ಮರ ಕಡಿಯುವವರಿಗೆ ಬೇಕಾದದ್ದು ಬಾಗಿ ಮತ್ತೆ ನೆಟ್ಟಗಾಗುವ ಗುಣ. ಅದಕ್ಕೇ ಆಚಾರ್ರು ಲಾರಿಯ ಸ್ಪ್ರಿಂಗ್ ಪ್ಲೇಟು ಬಿಟ್ಟು ಬೇರೆ ಮುಟ್ಟುವುದಿಲ್ಲ. ಹೊಂಡ ಹಾರುತ್ತ ಹತ್ತು ಟನ್ ಹೊತ್ತು ಬಾಗಿ ಎದ್ದ ಉಕ್ಕು ಅದು, ಕಾರ್ಬನ್ ಸುಮಾರು 0.6 ಪರ್ಸೆಂಟ್ ಮಾತ್ರ. ಅಮೆರಿಕದವರು 5160 ಅಂತ ಹೆಸರಿಟ್ಟು ದುಬಾರಿ ಚಾಕು ಮಾಡುವುದೂ ಇದೇ ಸ್ಪ್ರಿಂಗ್ ಉಕ್ಕಿನ ಬಳಗದ್ದರಿಂದ ಅಂತ ಮೈದುನನೇ ಓದಿ ಹೇಳಿದ, ತುಸು ಸಪ್ಪೆಯಾಗಿ. ಗುಜರಿಗೆ ಬಂದ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದಂತೆ. ಅದಕ್ಕೆ ಆಚಾರ್ರು ತುಂಡನ್ನು ನೇತುಹಾಕಿ ಸುತ್ತಿಗೆಯಿಂದ ತಟ್ಟಿ ನಾದ ಕೇಳುತ್ತಾರೆ. ಬದ್ದೆಂದರೆ ಬದಿಗೆ ಎಸೆಯುತ್ತಾರೆ. ಯಾರೋ ರೈಲಿನ ಹಳಿ ತುಂಡು ತಂದು ಕತ್ತಿ ಮಾಡಿ ಅಂದರಂತೆ, "ರೈಲ್ವೆಯವ್ರ ಕೇಸು ಮೈಮೇಲೆ ಹಾಕ್ಕೊಳ್ಳೋಕೆ ನಂಗೇನು ಹುಚ್ಚಾ" ಅಂತ ವಾಪಸ್ ಕಳಿಸಿದರಂತೆ.

ಇಬ್ಬರೂ ಹತ್ತಿರವಾದದ್ದು ಒಂದು ವಿಡಿಯೋದಿಂದ. ನೇಪಾಳದ ಕಮ್ಮಾರನೊಬ್ಬ ಖುಕುರಿ ಅನ್ನುವ ಅವರ ಬಾಗು ಕತ್ತಿ ಮಾಡುವುದನ್ನು ಮೈದುನ ತೋರಿಸಿದ. ಅವನದೂ ಲಾರಿ ಪ್ಲೇಟೇ. ಕೆಂಪಗೆ ಕಾದ ಖುಕುರಿಯನ್ನು ಅವನು ನೀರಿನಲ್ಲಿ ಅದ್ದುವುದಿಲ್ಲ. ಉದ್ದ ಮೂತಿಯ ಟೀ ಕೆಟಲಿನಿಂದ ಬಾಯಿಯ ಅಂಚಿಗಷ್ಟೇ ನೀರು ಹೊಯ್ಯುತ್ತ ಹೋಗುತ್ತಾನೆ. ಆಚಾರ್ರು ಮೊಬೈಲು ಇಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದು ಮತ್ತೆ ಮತ್ತೆ ಹಾಕಿಸಿ ನೋಡಿದರು. "ನೋಡಿ, ಅವ್ನೂ ಬೆನ್ನಿಗೆ ನೀರು ಮುಟ್ಟಿಸಲ್ಲ" ಅಂದರು. ಅಷ್ಟು ದೂರದ ಗೊತ್ತಿಲ್ಲದ ಮನುಷ್ಯನೊಬ್ಬ ತಮ್ಮ ಪಕ್ಷದವನೇ ಅಂತ ಗೊತ್ತಾದ ಸಂತೋಷ ಆ ಮುಖದಲ್ಲಿ ಇತ್ತು.

ಇವರದು ಅದ್ದುವ ಕ್ರಮ, ಆದರೆ ಬಾಯಿ ಮಾತ್ರ. ಬೆನ್ನಿನಲ್ಲಿ ಉಳಿದ ಶಾಖ ಆಮೇಲೆ ಮೆಲ್ಲಗೆ ಬಾಯಿಗೆ ಇಳಿಯುತ್ತದೆ. ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡಿದ ಜಾಗದಲ್ಲಿ ಮೊದಲು ಒಣಹುಲ್ಲಿನ ಹಳದಿ ಬರುತ್ತದೆ, ಆಮೇಲೆ ಕಂದು, ಆಮೇಲೆ ನೇರಳೆ, ಕಡೆಗೆ ನೀಲಿ. ಹಳದಿಯಲ್ಲೇ ನಿಲ್ಲಿಸಿದರೆ ಗಂಟಿಗೆ ಹೊಡೆದಾಗ ಚಕ್ಕೆ ಹಾರುತ್ತದೆ, ನೀಲಿಗೆ ಹೋಗಲು ಬಿಟ್ಟರೆ ಬಿದಿರಿಗೆ ಬಾಯಿ ಮಡಚುತ್ತದೆ. ಕಡಿಯುವ ಕತ್ತಿಗೆ ಕಂದು ತಿರುಗಿ ನೇರಳೆ ಕಾಣುವಾಗ ತಣಿಸಬೇಕು. ನಾನು ನಿಂತು ನೋಡಿದ್ದು ಬೇರೆ ಯಾರದೋ ಕತ್ತಿ. ಬಣ್ಣ ಅಂಚಿನ ಕಡೆ ಹರಿಯುವುದನ್ನು ನೋಡುತ್ತಿದ್ದರೆ ಕಣ್ಣು ಮಿಟುಕಿಸಲು ಭಯ. ಅವರಿಗೆ ಮಾತ್ರ ಎಂಥದೂ ಅವಸರವಿಲ್ಲ. ನೇರಳೆ ಇಣುಕಿತು, ಕತ್ತಿ ನೀರಿಗೆ ಹೋಯಿತು, ಮಾತು ನಿಂತಲ್ಲಿಂದ ಮುಂದುವರಿಯಿತು.

ಇನ್ನು ದಪ್ಪದ ವಿಷಯ. ಮೈದುನ ಬಿಡಲಿಲ್ಲ. "ಬೆನ್ನು 8 ಎಂ.ಎಂ. ಇಟ್ಬಿಡಿ ಆಚಾರ್ರೇ, ಸೇಫ್."

"ಕಡಿಯಕ್ಕಾ, ಸೀಳಕ್ಕಾ?"

"ಎರಡಕ್ಕೂ."

"ಸೀಳಕ್ಕೆ ದಪ್ಪ ಒಳ್ಳೇದು, ಮರ ಬಿಡಿಸ್ತದೆ. ಕಡಿಯಕ್ಕೆ ಅದೇ ದಪ್ಪ ಅಡ್ಡ ನಿಲ್ತದೆ. ದಪ್ಪ ಹಿಡಿ ಹತ್ರ ಇರ್ಲಿ, ತುದಿಗೆ ಹೋಗ್ತಾ ಸಣ್ಣ ಆಗ್ಲಿ, ಬಾಯಿ ಕಡೆ ಇನ್ನೂ ಸಣ್ಣ ಆಗ್ಲಿ. ಕೊಡ್ಲಿ ಕೆಲ್ಸನ ಕತ್ತಿ ಹತ್ರ ಮಾಡಿಸಿದ್ರೆ ಎರಡೂ ಹಾಳು."

ಅಂಗಡಿಯಲ್ಲಿ, ಮೊಬೈಲಿನಲ್ಲಿ ಎಲ್ಲ ಕಡೆ ಗಟ್ಟಿತನವನ್ನು ದಪ್ಪದಲ್ಲೇ ಅಳೆದು ಮಾರುವುದು ನನಗೆ ಮೊದಲಿನಿಂದ ಸರಿ ಬಂದಿಲ್ಲ. ದಪ್ಪ ಕಣ್ಣಿಗೆ ಕಾಣುತ್ತದೆ, ಹದ ಕಾಣುವುದಿಲ್ಲ. ಕಾಣುವುದನ್ನು ಮಾರುವುದು ಸುಲಭ. ಭಾರದ ಕತ್ತಿ ಮೊದಲ ಹತ್ತು ಪೆಟ್ಟಿಗೆ ಚೆಂದ. ಮಧ್ಯಾಹ್ನದ ಹೊತ್ತಿಗೆ ತೋಳು ಸೋತು, ಪೆಟ್ಟು ಓರೆ ಬಿದ್ದು, ಜಾರಿ ಮೊಣಕಾಲಿನ ಕಡೆ ಬರುತ್ತದೆ. ಕತ್ತಿಯ ಬಲ ನೋಡಬೇಕಾದದ್ದು ಆ ಹೊತ್ತಿನಲ್ಲಿ.

ಆಮೇಲೆ ನನ್ನ ಕೈಯ ಸರದಿ. ಗೋಡೆಯ ಮೂಲೆಯಲ್ಲಿ ಬೇರೆ ಬೇರೆ ಗಾತ್ರದ ಉರುಟು ಮರದ ತುಂಡುಗಳಿದ್ದವು. ಒಂದೊಂದನ್ನೇ ಎಡಗೈಗೆ ಕೊಟ್ಟು ಬಿಗಿಯಾಗಿ ಹಿಡಿಯಲು ಹೇಳಿದರು. ಬೆರಳ ತುದಿ ಅಂಗೈಗೆ ಒತ್ತಬಾರದು, ದೂರವೂ ಉಳಿಯಬಾರದು. ಮೂರನೆಯ ತುಂಡಿಗೆ "ಹಾಂ, ಇದು" ಅಂದರು. ಹಿಡಿ ದಡಸಲು ಮರದ್ದು, ಪೆಟ್ಟಿನ ನಡುಕ ಕೈಗೆ ಬಾರದ ಹಾಗೆ ಅದು ನುಂಗುತ್ತದೆ. ಕೊನೆಯಲ್ಲಿ ಕಿರುಬೆರಳ ಕೆಳಗೆ ಸ್ವಲ್ಪ ಉಬ್ಬು, ಬೆವರಿದ ಕೈಯಿಂದ ಕತ್ತಿ ಹಾರದಿರಲಿ ಅಂತ. ಹಿಡಿಯೊಳಗೆ ಹೋಗುವ ಕತ್ತಿಯ ಬಾಲ ಆಚೆ ತುದಿಯಲ್ಲಿ ಹೊರಬಂದು ಮಡಚಿಕೊಳ್ಳಬೇಕು. ನಡುವೆಯೇ ನಿಂತ ಬಾಲ ಒಂದಲ್ಲ ಒಂದು ದಿನ ಕಳಚುತ್ತದೆ. ಬಾಯಿಗೆ ಎರಡೂ ಬದಿ ಸಾಣೆ.

ಎರಡೂ ಬದಿ ಅಂದಾಗ ನನಗೆ ಮಾವನವರ ಕತ್ತಿ ಯಾಕೆ ಅಷ್ಟು ಕಾಡಿತು ಅನ್ನುವುದು ಅರ್ಥವಾಯಿತು. ಅವರು ಬಲಗೈಯವರು. ಒಂದೇ ಬದಿಗೆ ಹೆಚ್ಚು ಉಜ್ಜುವುದು ಅವರ ಅಭ್ಯಾಸ, ವರ್ಷಗಟ್ಟಲೆ ಉಜ್ಜಿ ಉಜ್ಜಿ ಬಾಯಿ ಒಂದು ಕಡೆಗೆ ವಾಲಿತ್ತು. ಎಡಗೈಯಲ್ಲಿ ಬೀಸಿದರೆ ಅದು ಕಚ್ಚದೆ ಹೊರಗೆ ಜಾರುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಎಡಗೈಯಲ್ಲಿ ಬಡಿಸಬೇಡ ಅಂದರು, ಸರಿ, ಬಡಿಸಲಿಲ್ಲ. ಅರಿಶಿನ ಕುಂಕುಮ ಕೊಡುವಾಗ ಬಲಗೈ ಅಂದರು, ಅದೂ ಆಯಿತು. ತೋಟದಲ್ಲಿ ಯಾರೂ ಏನೂ ಅನ್ನಲಿಲ್ಲ, ಯಾಕೆಂದರೆ ಅಲ್ಲಿ ನಾನು ಕತ್ತಿ ಹಿಡಿಯುವವಳು ಅಂತ ಯಾರ ಲೆಕ್ಕದಲ್ಲೂ ಇರಲಿಲ್ಲ. ಮನೆಯ ಕತ್ತಿ, ಕೊಡಲಿ, ಗುದ್ದಲಿ, ಕಡೆಗೆ ಔಷಧಿ ಹೊಡೆಯುವ ಪಂಪಿನ ಬೆಲ್ಟು ಕೂಡ ಯಾವುದೋ ಗಂಡಸಿನ ಭುಜದ ಅಳತೆಯದು. ಅದಕ್ಕೆ ನಾವು ಬಟ್ಟೆ ಸುತ್ತಿ, ತೂತು ಕೊರೆದು, ಹೊಂದಿಸಿಕೊಂಡು ನಡೆಸುತ್ತೇವೆ. ಪಕ್ಕದ ಮನೆ ಅಕ್ಕನ ಕತ್ತಿಯ ಹಿಡಿಗೆ ಹಳೆ ಸೈಕಲ್ ಟ್ಯೂಬು ಸುತ್ತಿದೆ. ಅವರ ಕೈ ಸಣ್ಣದಲ್ಲ, ಹಿಡಿ ದೊಡ್ಡದು. ಎಷ್ಟೋ ಹೆಂಗಸರು ಸೊಪ್ಪಿನ ಬೆಟ್ಟಕ್ಕೆ ದಿನವಿಡೀ ಹೋಗಿ ಬರುತ್ತಾರೆ, ಕತ್ತಿ ಕೊಳ್ಳಲು ಮಾತ್ರ ಗಂಡಸರು ಹೋಗುತ್ತಾರೆ.

ಆಚಾರ್ರು ನನ್ನ ಪರ ನಿಂತರು ಅಂತಲ್ಲ. ಅವರು ಬಂದವರನ್ನೆಲ್ಲ ಹಾಗೇ ಕೇಳುತ್ತಾರೆ. ನನ್ನ ಹಿಂದೆ ಬಂದ ಗಟ್ಟಿ ಆಳೊಬ್ಬರಿಗೂ ಅದೇ ಪ್ರಶ್ನೆ, ಅದೇ ಮರದ ತುಂಡು. ಅವರ ದನಿಯಲ್ಲಿ ಕನಿಕರವೂ ಇರಲಿಲ್ಲ, ಮೆಚ್ಚುಗೆಯೂ ಇರಲಿಲ್ಲ. ನನಗೆ ಅದೇ ಹಿಡಿಸಿತು.

ಬರುವಾಗ ಬಸ್ಸಿನಲ್ಲಿ ಗೋಣಿಯಿಂದ ಕಪ್ಪು ಚಾಕುವಿನ ತುದಿ ಇಣುಕಿ, ಕಾಲೇಜು ಹುಡುಗಿಯೊಬ್ಬಳು ಸರಿದು ಕೂತಳು. ಪೇಟೆಯವರಿಗೆ ಮಚ್ಚು ಅಂದರೆ ಪೇಪರಿನ ಅಪರಾಧದ ಪುಟ. ಮೈದುನ ಕಾನೂನು ಶುರು ಮಾಡಿದ: ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಶಸ್ತ್ರ ನಿಯಮದ ಪಟ್ಟಿಗೆ ಬರುತ್ತದೆ, ಮನೆಬಳಕೆಗೆ, ಕೃಷಿಗೆ ಅಂತಲೇ ಮಾಡಿದ್ದಕ್ಕೆ ವಿನಾಯಿತಿ. ಹಾಗಾದರೆ ನನ್ನ ಕತ್ತಿ ಕೃಷಿಯದು, ನಿನ್ನದು ಯಾವುದಕ್ಕೆ ಮಾಡಿದ್ದು ಅಂದೆ. ಕಿಟಕಿಯ ಆಚೆ ನೋಡಿದ.

ಅವನ ಚಾಕುವಿಗೆ ಆಚಾರ್ರು ಕೈ ಹಾಕಲಿಲ್ಲ. "ಬೆಂಕಿಗೆ ಹಾಕಿದ್ರೆ ಅದ್ರ ಹದ ಹೋಗ್ತದೆ. ಆ ಉಕ್ಕಿನ ಹದ ನಂಗೆ ಬರಲ್ಲ. ನೀರು ಹಾಕ್ಕೊಂಡು ಕಲ್ಲಿಗೆ ಉಜ್ಜಿ" ಅಂದರು. ತಮಗೆ ಬಾರದ್ದನ್ನು ಬಾರದು ಅನ್ನುವ ಕೆಲಸಗಾರರು ಈಗ ಎಷ್ಟು ಜನ ಸಿಗುತ್ತಾರೆ? ಉಜ್ಜುವ ಕೆಲಸ ಜಗಲಿಯಲ್ಲಿ ನಡೆಯುತ್ತಿದೆ, ಚೂರು ಹಾರಿದ ಗುರುತು ಇನ್ನೂ ಅರ್ಧದಷ್ಟೂ ಹೋಗಿಲ್ಲ.

ನನ್ನದು ಬರುವ ಮಂಗಳವಾರಕ್ಕೆ. ಮುಂಗಡ ಕೊಟ್ಟಾಗಿದೆ. ಪಕ್ಕದ ಮನೆ ಅಕ್ಕ "ನಂಗೂ ಒಂದು ಹೇಳಿ ಬಾರೇ" ಅಂದರು. ಹೇಳಿ ಬಂದರೆ ಆಗುವುದಿಲ್ಲ, ಕೈ ತಗೊಂಡು ಬರಬೇಕು ಅಂದೆ. ಬರುತ್ತಾರಂತೆ. ಮಾವನವರ ಕತ್ತಿಯನ್ನು ಏನು ಮಾಡುತ್ತೀ ಅಂತ ಯಜಮಾನರು ಕೇಳಿದರು. ಮೈದುನನಿಗೆ ಕೊಟ್ಟಿದ್ದೇನೆ. ಅವನು ಬಲಗೈಯವನು, ಬಾಳೆ ಎಲೆ ಕೊಯ್ಯಲು ಅವನಿಗೆ ಅದು ಚೆನ್ನಾಗಿ ಹೊಂದುತ್ತದೆ.