ಪ್ರಬಲ ವಿಗನ್ ಮುಂದೆ ದುರ್ಬಲ ವಿಗನ್

ಮೊನ್ನೆ ನಮ್ಮ ಪತ್ರಿಕೆಯ ಡೆಸ್ಕ್‌ಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಪುಟವನ್ನು ಅಚ್ಚಿಗೆ ಬಿಡುವ ಆತುರದಲ್ಲಿ, ಒಂದು ಪದವನ್ನು ಎಲ್ಲ ಕಡೆ ಒಮ್ಮೆಗೇ ಬದಲಿಸುವ ‘ರಿಪ್ಲೇಸ್ ಆಲ್’ ಒತ್ತಲು ಹೊರಟಿದ್ದ. ನಾನು ಕುರ್ಚಿಯಿಂದೆದ್ದು ಅವನ ಕೈಯನ್ನೇ ಹಿಡಿದುಬಿಟ್ಟೆ. ಪಾಪ, ಬೆಚ್ಚಿಬಿದ್ದ. ಕಾರಣ ಹೇಳಲು ಆಗ ಪುರಸೊತ್ತಿರಲಿಲ್ಲ. ಈಗ ಹೇಳುತ್ತೇನೆ.

2013ರ ಮೇ 11, ಶನಿವಾರ. ಮಡಿಕೇರಿಯ ಒಂದು ಪತ್ರಿಕೆಯಲ್ಲಿ ಕ್ರೀಡಾಪುಟದ ರಾತ್ರಿ ಪಾಳಿ ನನ್ನದು. ಪತ್ರಿಕೆಯ ಹೆಸರು ಬೇಡ, ಅವರ ಸಂಬಳದಲ್ಲಿ ಐದು ವರ್ಷ ಊಟ ಮಾಡಿದ್ದೇನೆ. ವಿಧಾನಸಭಾ ಚುನಾವಣೆಯ ಫಲಿತಾಂಶ ಬಂದು ಮೂರೇ ದಿನವಾಗಿತ್ತು. ಹಿರಿಯರೆಲ್ಲ ಬೆಂಗಳೂರಿನಲ್ಲಿ ಯಾರು ಮಂತ್ರಿಯಾಗುತ್ತಾರೆ ಎಂಬ ಲೆಕ್ಕದಲ್ಲಿ ಮುಳುಗಿದ್ದರು. ಕ್ರೀಡಾಪುಟವನ್ನು ಕೇಳುವವರೇ ಇರಲಿಲ್ಲ. ಅದು ನನಗೆ ಸ್ವಾತಂತ್ರ್ಯವೆಂದು ತೋರಿತ್ತು.

ಮೇ ತಿಂಗಳಲ್ಲಿ ಕೊಡಗಿನ ಕ್ರೀಡಾಪುಟವೆಂದರೆ ಕೊಡವ ಕುಟುಂಬಗಳು ತಂಡ ಕಟ್ಟಿ ಆಡುವ ಕೌಟುಂಬಿಕ ಹಾಕಿ. ಅದು ತಿಂದು ಬಿಟ್ಟದ್ದು ಐಪಿಎಲ್‌ಗೆ. ಫುಟ್‌ಬಾಲ್‌ಗೆ ಉಳಿಯುವುದು ಕೆಳಗಿನ ಮೂಲೆ. ಸುಂಟಿಕೊಪ್ಪದಲ್ಲಿ ಬೇಸಿಗೆ ಬಂತೆಂದರೆ ಗೋಲ್ಡ್ ಕಪ್ ಪಂದ್ಯಾವಳಿಗೆ ಊರೇ ನೆರೆಯುತ್ತದೆ, ಸಿದ್ದಾಪುರದ ಕಡೆ ಇಂಗ್ಲೆಂಡಿನ ಕ್ಲಬ್‌ಗಳ ಹೆಸರು ಮಕ್ಕಳಿಗೂ ಗೊತ್ತು ಎಂದೆಲ್ಲ ವಾದಿಸಿ, ಅಲ್ಲಿನ ಮೇಲಿನ, ಕೆಳಗಿನ ದರ್ಜೆಯ ತಂಡಗಳೆಲ್ಲ ಸೇರಿ ಆಡುವ ನಾಕೌಟ್ ಪಂದ್ಯಾವಳಿ ಎಫ್‌ಎ ಕಪ್‌ಗೆಂದು ಆ ಇಡೀ ಋತುವಿನಲ್ಲಿ ಎರಡು ಕಾಲಂ ಜಾಗ ಗಿಟ್ಟಿಸಿಕೊಂಡಿದ್ದೆ.

ಋತುವೂ ನನ್ನ ಮಾನ ಉಳಿಸಿತ್ತು. ಜನವರಿಯಲ್ಲಿ ಐದನೇ ದರ್ಜೆಯ ಲೂಟನ್ ಟೌನ್, ಪ್ರೀಮಿಯರ್ ಲೀಗ್‌ನ ನಾರ್ವಿಚ್ ತಂಡವನ್ನು ಅದರ ಅಂಗಳದಲ್ಲೇ 1-0ಯಿಂದ ಹೊಡೆದು ಬಂದಿತ್ತು. 1989ರಲ್ಲಿ ಸಟನ್ ಯುನೈಟೆಡ್ ಕೊವೆಂಟ್ರಿಯನ್ನು ಸೋಲಿಸಿದ ಮೇಲೆ ಲೀಗ್ ಹೊರಗಿನ ತಂಡವೊಂದು ಅಗ್ರ ದರ್ಜೆಯವರನ್ನು ಮಣಿಸಿದ್ದು ಅದೇ ಮೊದಲು. ಮರುದಿನವೇ ಓಲ್ಡಂ 3-2ರಿಂದ ಲಿವರ್‌ಪೂಲ್‌ಗೆ ಮನೆಯ ದಾರಿ ತೋರಿಸಿತು. ಫೆಬ್ರುವರಿಯಲ್ಲಿ ಬ್ಲ್ಯಾಕ್‌ಬರ್ನ್ ಕೈಯಲ್ಲಿ ಆರ್ಸೆನಲ್ ಸೋತಿತು. ಪ್ರತಿ ಸಲವೂ ನಾನು ಬರೆದದ್ದು ಒಂದೇ ಮಾತು: ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಹಾಕಿ ಆರಂಭಿಸಿದ ದಿನದಿಂದ ನಾವಿದನ್ನು ನೋಡುತ್ತಲೇ ಬಂದಿದ್ದೇವೆ, ನಾಕೌಟ್‌ನಲ್ಲಿ ಒಂದು ಕೆಟ್ಟ ಮಧ್ಯಾಹ್ನ ಸಾಕು. ಫೈನಲ್ ದಿನದ ಮುನ್ನೋಟದಲ್ಲೂ ‘ಪಾಯಿಂಟ್ ಪಟ್ಟಿ ನೋಡಬೇಡಿ’ ಎಂದು ಓದುಗರಿಗೆ ಬುದ್ಧಿ ಹೇಳಿದ್ದೆ.

ಅದೇ ದಿನ ಸಂಜೆ ನಾನು ಪಾಯಿಂಟ್ ಪಟ್ಟಿ ನೋಡಿದೆ. ಒಂದು ಕಡೆ ಹಿಂದಿನ ವರ್ಷದ ಲೀಗ್ ಚಾಂಪಿಯನ್ ಮ್ಯಾಂಚೆಸ್ಟರ್ ಸಿಟಿ. ಇನ್ನೊಂದು ಕಡೆ ಕೊನೆಯ ಮೂರರಲ್ಲಿದ್ದು ಹಿಂಬಡ್ತಿಯ ಭೀತಿಯಲ್ಲಿದ್ದ ವಿಗನ್ ಅಥ್ಲೆಟಿಕ್. ಪಂದ್ಯ ನಮ್ಮ ಸಮಯ 9.45ಕ್ಕೆ ಶುರು. ಪುಟ ಬಿಡಬೇಕಾದದ್ದು 11ಕ್ಕೆ. ಗೋಗರೆದು 11.30ರವರೆಗೆ ಸಮಯ ಪಡೆದಿದ್ದೆ. ಅದಕ್ಕಿಂತ ತಡವಾದರೆ ವಿರಾಜಪೇಟೆ, ಗೋಣಿಕೊಪ್ಪದ ವ್ಯಾನ್ ಹೊರಡುವುದಿಲ್ಲ, ಏಜೆಂಟರ ಬೈಗುಳ ಸರ್ಕ್ಯುಲೇಶನ್‌ಗೆ, ಅಲ್ಲಿಂದ ನನಗೆ. ಹಾಗಾಗಿ ಸಂಜೆಯೇ ಎರಡು ಕಡತ ಮಾಡಿಟ್ಟೆ. ‘ಎ’ಯಲ್ಲಿ ಸಿಟಿ ಗೆದ್ದಿತ್ತು, ಗೋಲು ಹೊಡೆದವನ ಹೆಸರು, ನಿಮಿಷ ಮಾತ್ರ ಖಾಲಿ. ‘ಬಿ’ಯಲ್ಲಿ ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿತ್ತು. ‘ಸಿ’ ಮಾಡಲಿಲ್ಲ. ಮರೆತದ್ದಲ್ಲ, ಬೇಕಾಗದು ಎಂದುಕೊಂಡದ್ದು. ಎರಡೇ ತಂಡ ಆಡುವ ಪಂದ್ಯಕ್ಕೆ ಮೂರು ಕಡತ ಬೇಕು ಎಂಬುದನ್ನು ಇಪ್ಪತ್ತು ವರ್ಷದ ಸರ್ವೀಸಿನವರೂ ನನಗೆ ಹೇಳಿಕೊಟ್ಟಿರಲಿಲ್ಲ.

ಹತ್ತೂವರೆಗೆ ಮಳೆ ಹಿಡಿಯಿತು, ಮುಂಗಾರಿಗೆ ಮುನ್ನ ಬರುವ ಆ ಗುಡುಗಿನ ಮಳೆ. ಅಲ್ಲಿ ವೆಂಬ್ಲಿಯಲ್ಲೂ ಮಳೆ. ವೆಂಬ್ಲಿಯಲ್ಲಿ ಆಟ ನಡೆಯಿತು, ಮಡಿಕೇರಿಯಲ್ಲಿ ಡಿಶ್ ನಿಂತಿತು. ಪರದೆಯ ಮೇಲೆ ‘ಸಿಗ್ನಲ್ ಇಲ್ಲ’. ಮೊಬೈಲ್‌ನಲ್ಲಿ ಸ್ಕೋರ್ ಪುಟ ತೆರೆದರೆ ಬಿಳಿ ಬಿಲ್ಲೆಯೊಂದು ಸುತ್ತುತ್ತಲೇ ಇತ್ತು. 11.25ರ ಸುಮಾರಿಗೆ ಒಂದು ಸಾಲು ಬಂತು: 84ನೇ ನಿಮಿಷ, ಸಿಟಿಯ ಝಬಲೇಟಾಗೆ ಎರಡನೇ ಹಳದಿ ಕಾರ್ಡ್, ಹೊರಕ್ಕೆ. ಗೋಲಿಲ್ಲ. ನನ್ನ ಲೆಕ್ಕ ಸರಳವಾಗಿತ್ತು. ಹತ್ತೇ ಮಂದಿ ಉಳಿದ ಸಿಟಿ ಇನ್ನು ಬಾಗಿಲು ಹಾಕಿಕೊಂಡು ಕೂರುತ್ತದೆ. ವಿಗನ್‌ಗೆ ಇಷ್ಟು ದೂರ ಬಂದದ್ದೇ ದೊಡ್ಡದು, ಅದು ಮೈಮೇಲೆ ಬೀಳುವುದಿಲ್ಲ. ಫೈನಲ್‌ಗೆ ಮರುಪಂದ್ಯವಿಲ್ಲ, ಮೂವತ್ತು ನಿಮಿಷ ಹೆಚ್ಚುವರಿ ಆಟ ಖಚಿತ. ಸರಿಯಾಗಿ 11.30ಕ್ಕೆ ‘ಬಿ’ ಬಿಟ್ಟೆ. ಫ್ಲಾಸ್ಕ್‌ನಿಂದ ಕಾಫಿ ಬಗ್ಗಿಸಿಕೊಂಡೆ. ಸಮಯಕ್ಕೆ ಸರಿಯಾಗಿ ಪುಟ ಬಿಟ್ಟ ತೃಪ್ತಿ ಸುಮಾರು ನಾಲ್ಕು ನಿಮಿಷ ಬಾಳಿತು.

ಬಿಳಿ ಬಿಲ್ಲೆ ನಿಂತಿತು. 90+1. ಮೆಲೋನಿಯ ಕಾರ್ನರ್‌ಗೆ ಬೆನ್ ವಾಟ್ಸನ್ ತಲೆ ಕೊಟ್ಟಿದ್ದ. ವಿಗನ್ 1, ಸಿಟಿ 0. ಒಂಬತ್ತು–ಹತ್ತು ನಿಮಿಷ ಮೊದಲಷ್ಟೇ ಬದಲಿಯಾಗಿ ಇಳಿದವನು ಅವನು. ನವೆಂಬರ್‌ನಲ್ಲಿ ಕಾಲು ಮುರಿದುಕೊಂಡಿದ್ದ. ವಿಗನ್ ಮಾಲೀಕ ಡೇವ್ ವೀಲನ್ ಕೂಡ 1960ರಲ್ಲಿ ಬ್ಲ್ಯಾಕ್‌ಬರ್ನ್ ಪರ ಇದೇ ಕಪ್‌ನ ಫೈನಲ್ ಆಡುವಾಗ ಕಾಲು ಮುರಿದುಕೊಂಡವರು. ಈ ಎರಡು ಕಾಲುಗಳ ಕಥೆ ಇಡೀ ದಿನ ನನ್ನ ಮುಂದೆ ಬಿದ್ದಿತ್ತು. ವೀಲನ್ ಕುರಿತ ಬಾಕ್ಸ್ ಸುದ್ದಿಯನ್ನು ಜಾಗವಿಲ್ಲವೆಂದು ನಾನೇ ಕಿತ್ತಿದ್ದೆ. ಅದು ಹೊಳೆದದ್ದು ಮಾತ್ರ ಮರುದಿನ.

ಆ ಕ್ಷಣದಲ್ಲಿ ಹೊಳೆದದ್ದು ಪ್ರೆಸ್‌ಗೆ ಫೋನ್ ಮಾಡುವುದು. ಫೋರ್‌ಮನ್ ಶಾಂತ ಮನುಷ್ಯ. ‘ಪ್ಲೇಟ್ ಇನ್ನೂ ಹಾಕಿಲ್ಲ. ಐದು ನಿಮಿಷ. ಆರನೆಯದು ನನ್ನ ಕೈಯಲ್ಲಿಲ್ಲ’ ಎಂದರು. ಐದು ನಿಮಿಷದಲ್ಲಿ ಹೊಸದಾಗಿ ನಾಲ್ಕು ಸಾಲು ಬರೆಯಬಹುದಿತ್ತು. ಶೀರ್ಷಿಕೆ, ಸ್ಕೋರ್, ಗೋಲು, ಮುಗಿಯಿತು. ಉಳಿದ ಜಾಗಕ್ಕೆ ಒಂದು ಚಿತ್ರ ಎಳೆದು ದೊಡ್ಡದು ಮಾಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ನನಗೆ ‘ಎ’ಯ ಮೇಲೆ ಮೋಹ. ಚೆಂದ ಬರೆದಿದ್ದೆ. ಗೆದ್ದವರ ಹೆಸರೊಂದು ಬದಲಾದರೆ ಸಾಕು ಎನಿಸಿತು. ಖಾಲಿ ಬಿಟ್ಟ ಜಾಗದಲ್ಲಿ ವಾಟ್ಸನ್, 90+1 ತುಂಬಿದೆ. ಪುಟ ಕಟ್ಟುವ ಸಾಫ್ಟ್‌ವೇರ್ ಕ್ವಾರ್ಕ್‌ನಲ್ಲಿ ಹುಡುಕು: ಸಿಟಿ. ಬದಲಿಸು: ವಿಗನ್. ಎಲ್ಲ ಬದಲಿಸು. ‘ಲೇಔಟ್’ ಎಂಬ ಪುಟ್ಟ ಚೌಕದಲ್ಲಿ ಟಿಕ್ ಇದ್ದರೆ ಒಂದು ಸುದ್ದಿಯಲ್ಲ, ಇಡೀ ಪುಟ ಬದಲಾಗುತ್ತದೆ. ಟಿಕ್ ಇದ್ದದ್ದನ್ನು ನೋಡಲಿಲ್ಲ. ಪ್ರೂಫ್ ತೆಗೆಯಲಿಲ್ಲ. ಬಿಟ್ಟೆ.

ಬೆಳಿಗ್ಗೆ ಆರಕ್ಕೆ ಸುಂಟಿಕೊಪ್ಪದಿಂದ ಫೋನ್. ಹಳೆಯ ಓದುಗರು, ಬಲು ಸಭ್ಯರು. ‘ಗೆದ್ದದ್ದು ವಿಗನ್ ಎಂದು ತಿಳಿಯಿತು. ಸೋತದ್ದು ಯಾರು ಎಂದು ಕೇಳೋಣವೆಂದು ಮಾಡಿದೆ.’

ಬಾಗಿಲಲ್ಲಿ ಬಿದ್ದಿದ್ದ ಪತ್ರಿಕೆ ಎತ್ತಿಕೊಂಡೆ. ಶೀರ್ಷಿಕೆ ಸರಿ ಇತ್ತು. ಕೆಳಗೆ: ‘ನಿರೀಕ್ಷೆಯಂತೆ ಮ್ಯಾಂಚೆಸ್ಟರ್ ವಿಗನ್ ಮೂರು ಋತುಗಳಲ್ಲಿ ಎರಡನೇ ಬಾರಿ ಕಪ್ ಎತ್ತಿತು. ಪ್ರಬಲ ವಿಗನ್‌ಯ ಮುಂದೆ ದುರ್ಬಲ ವಿಗನ್ ನಿಲ್ಲಲಾಗಲಿಲ್ಲ.’ ಆ ಕ್ಲಬ್‌ಗೆ ಅದು ಮೊತ್ತಮೊದಲ ದೊಡ್ಡ ಟ್ರೋಫಿ. ಅದರ ಕೆಳಗಿನ ವಾಲಿಬಾಲ್ ಸುದ್ದಿಯಲ್ಲಿ ಸಿಟಿ ಪೊಲೀಸ್ ತಂಡ ವಿಗನ್ ಪೊಲೀಸ್ ಆಗಿ ಸೆಮಿಫೈನಲ್ ತಲುಪಿತ್ತು. ಪಕ್ಕದಲ್ಲಿದ್ದ ಯೂನಿವರ್ಸಿಟಿ ಮಾತ್ರ ಪಾರಾಗಿತ್ತು. ನುಡಿ ಫಾಂಟ್‌ನಲ್ಲಿ ಅರ್ಕಾವತ್ತು ಸಿಗೂ ಟಿಗೂ ನಡುವೆ ಹೋಗಿ ಕೂರುತ್ತದೆ, ಹುಡುಕಾಟಕ್ಕೆ ‘ಸಿಟಿ’ ಸಿಗುವುದಿಲ್ಲ. ಆ ಫಾಂಟನ್ನು ಬೈಯದ ದಿನವಿಲ್ಲ, ಅಂದು ಕೈ ಮುಗಿದೆ.

ಸಂಜೆ ಮೆಮೊ ಬಂತು, ‘ಅಕ್ಷಮ್ಯ’ ಎಂಬ ಪದ ಎರಡು ಸಲ. ಜೊತೆಗೆ ಆಡಳಿತದ ಹೊಸ ನಿಯಮ: ರಾತ್ರಿ ಹತ್ತರ ನಂತರ ಫುಟ್‌ಬಾಲ್ ಸುದ್ದಿ ತೆಗೆದುಕೊಳ್ಳಬಾರದು. ಒಂದು ವರ್ಷದಿಂದ ಖಾಲಿ ಇದ್ದ ಪ್ರೂಫ್ ರೀಡರ್ ಹುದ್ದೆಯ ಬಗ್ಗೆ ಮೆಮೊದಲ್ಲಿ ಒಂದಕ್ಷರವಿರಲಿಲ್ಲ. ಮಳೆಗೆ ನಿಲ್ಲುವ ಡಿಶ್ ಬಗ್ಗೆಯೂ ಇಲ್ಲ. ಫೈನಲ್ ಮುಗಿದ ಎರಡೇ ದಿನಕ್ಕೆ ಸಿಟಿಯ ತರಬೇತುದಾರ ಮ್ಯಾನ್ಸಿನಿಯನ್ನು ಕೆಲಸದಿಂದ ತೆಗೆದರು. ನನಗೆ ಮೆಮೊ ಅಷ್ಟೇ ಎಂದು ಸಮಾಧಾನ ಮಾಡಿಕೊಂಡೆ. 14ರಂದು ಆರ್ಸೆನಲ್ ಎದುರು 4-1ರಿಂದ ಸೋತು ವಿಗನ್ ಲೀಗ್‌ನಿಂದ ಕೆಳಗಿಳಿಯಿತು. ಕಪ್ ಗೆದ್ದ ಋತುವಿನಲ್ಲೇ ಹಿಂಬಡ್ತಿ ಪಡೆದ ಮೊದಲ ತಂಡ. ಆ ಪಂದ್ಯ ನಮ್ಮಲ್ಲಿ ಮಧ್ಯರಾತ್ರಿ 12.15ಕ್ಕೆ ಶುರುವಾದದ್ದರಿಂದ ನನ್ನ ಕೈಗೆ ಸಿಗಲಿಲ್ಲ, ಉಳಿದುಕೊಂಡಿತು.

ಇನ್ನು ತಿದ್ದುಪಡಿ. ಭಾನುವಾರ ರಾತ್ರಿ ಅದನ್ನು ಮುಖ್ಯಸ್ಥರೇ ಸ್ವತಃ ಬರೆದರು, ನನ್ನನ್ನು ನಂಬುವ ಸ್ಥಿತಿಯಲ್ಲಿ ಅವರಿರಲಿಲ್ಲ. ಅವರು ಕ್ರಿಕೆಟ್ ಮನುಷ್ಯ, ಐಪಿಎಲ್ ನಡೆಯುತ್ತಿತ್ತು. ಪುಟ ಬಿಡುವ ಮೊದಲು ಪರದೆಯ ಮೇಲೆ ನಾನದನ್ನು ಓದಿದೆ: ‘ಫೈನಲ್‌ನ ಏಕೈಕ ಗೋಲನ್ನು ವಿಗನ್‌ನ ಶೇನ್ ವಾಟ್ಸನ್ ಗಳಿಸಿದರು ಎಂದು ಓದಿಕೊಳ್ಳಬೇಕು.’ ಹಿಂದಿನ ದಿನದ ಆ ಇಡೀ ವರದಿಯಲ್ಲಿ ಸರಿಯಾಗಿ ಅಚ್ಚಾಗಿದ್ದದ್ದು ಬೆನ್ ವಾಟ್ಸನ್‌ನ ಆ ಗೋಲಿನ ಸಾಲೊಂದೇ. ಆ ಪುಟಕ್ಕೆ ನಾನು ಕೈ ಹಾಕಬಾರದೆಂದು ಆದೇಶವಿತ್ತು. ಹಾಕಲಿಲ್ಲ.